ಅಣ್ಣನ ದನಿಗೆ ಒಂದು ಕಾರ್ಡು

ನಮ್ಮೂರಿನಲ್ಲೂ ಮಿಕ್ಸಿ ಇರುವ ಮನೆಗಳಿವೆ. ಆದರೆ ಯಾರೂ ಅದನ್ನು ಒಂದೇ ಸಮನೆ ತಿರುಗಿಸುವುದಿಲ್ಲ. ಜುರ್ ಅನ್ನಿಸಿ ಬಿಡುತ್ತಾರೆ, ಮತ್ತೆ ಜುರ್ ಅನ್ನಿಸಿ ಬಿಡುತ್ತಾರೆ. ನುಣ್ಣಗಿನ ಚಟ್ನಿ ತಿನ್ನಬೇಕೆಂದರೆ ಬೇರೆ ಊರಿನ ನೆಂಟರ ಮನೆಗೆ ಹೋಗಬೇಕು. ಮೋಟಾರ್ ಸೈಕಲ್ ಇರುವವರು ಅದನ್ನು ಊರ ಹೊರಗೇ ಆಫ್ ಮಾಡಿ ತಳ್ಳಿಕೊಂಡು ಬರುತ್ತಾರೆ. ಜೋಗುಳ ಹಾಡುವ ತಾಯಂದಿರು ಸಾಲಿನ ನಡುವೆ ಬೇಕೆಂದೇ ಕೆಮ್ಮುತ್ತಾರೆ. ಗದ್ದಲಕ್ಕೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ಸಂತೆಯಲ್ಲಿ ಕೂಗಬಹುದು, ಕಲ್ಲು ಒಡೆಯಬಹುದು, ಬೀದಿಯಲ್ಲಿ ನಿಂತು ಜಗಳವಾಡಬಹುದು. ಎಡೆಬಿಡದೆ ಗುಂಯ್ ಎನ್ನುವ ಸದ್ದಿಗೆ ಮಾತ್ರ ನೆಲ ಮೆತ್ತಗಾಗುತ್ತದೆ. ಅದೂ ಸದ್ದು ಮಾಡುವ ವಸ್ತುವಿನ ಕೆಳಗಲ್ಲ, ಯಾರಿಗಾಗಿ ಆ ಸದ್ದು ಹುಟ್ಟಿತೋ ಅವರ ಕೆಳಗೆ. ಸದ್ದು ನಿಂತರೆ ನೆಲ ಮತ್ತೆ ಗಟ್ಟಿಯಾಗುತ್ತದೆ. ಒಳಗೆ ಹೋದದ್ದನ್ನು ಮಾತ್ರ ವಾಪಸು ಕೊಡುವುದಿಲ್ಲ.

ಗಿರಣಿ ಶಾಂತವೀರಪ್ಪನವರು ಊರಿನ ಮಾತು ಕೇಳದೆ ಹಿಟ್ಟಿನ ಗಿರಣಿ ಹಾಕಿಸಿದ್ದರಂತೆ. ಗಿರಣಿ ರಸ್ತೆಯ ಆ ಬದಿ, ಅವರ ಮನೆ ಈ ಬದಿ. ಊಟ ಮಾಡಿ ಅಟ್ಟದ ಮೇಲೆ ಮಲಗಿದ್ದವರು ಮನೆಯ ಸಮೇತ ನೆಲದೊಳಗೆ ಹೋದರು. ಗಿರಣಿಗೆ ಏನೂ ಆಗಲಿಲ್ಲ. ಆ ಮನೆಯ ಹೆಂಚಿನ ತುದಿ ಈಗಲೂ ಮಣ್ಣಿನ ಮೇಲೆ ಕಾಣುತ್ತದೆ. ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ.

ನಾನು ಶಾಲೆ ಬಿಟ್ಟದ್ದೂ ಇದರಿಂದಲೇ. ಮನಸ್ಸಿನಲ್ಲಿ ಓದಿಕೊಳ್ಳುವಾಗ ನನಗೇ ತಿಳಿಯದಂತೆ ಗುನುಗುತ್ತಿದ್ದೆ. ಒಂದು ದಿನ ನಮ್ಮ ಬೆಂಚು ನನ್ನ ಕಡೆಗೆ ವಾಲಿತು. ಪಕ್ಕದವಳು ಕಿರುಚಿಕೊಂಡು ಎದ್ದಳು. ಬೆಂಚಿನ ಕಾಲು ನೆಲದ ಹಾಸುಬಂಡೆಯೊಳಗೆ ಬೆರಳುದ್ದ ಹೋಗಿ ಹಾಗೇ ಹಿಡಿದುಕೊಂಡಿತ್ತು. ಮೇಷ್ಟ್ರು ಬೈಯಲಿಲ್ಲ. "ಮನೇಲೇ ಇರವ್ವ ಸ್ವಲ್ಪ ದಿನ" ಅಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅವತ್ತಿನಿಂದ ನಾನು ಮಾತು ಕಡಿಮೆ ಮಾಡಿದೆ, ನೋಡುವುದನ್ನು ಹೆಚ್ಚು ಮಾಡಿದೆ.

ನನ್ನಣ್ಣ ತಿಪ್ಪೇಶಿ ಇದಕ್ಕೆ ತದ್ವಿರುದ್ಧ. ಅವನು ಶೇಂಗಾ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ. ಅವನ ಬಾಯಿ ನಿಂತದ್ದನ್ನು ಊರು ನೋಡಿರಲಿಲ್ಲ. ಮೊದಲು ಅವನ ಕೈ ಸೋತಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ನರದ ಕಾಯಿಲೆ, ಇದಕ್ಕೆ ಔಷಧಿ ಇಲ್ಲ ಎಂದು ದೊಡ್ಡ ಆಸ್ಪತ್ರೆಯವರು ಹೇಳಿದರು. ಕೊನೆಗೆ ಕಣ್ಣು ಮಾತ್ರ ಅಲ್ಲಾಡುತ್ತಿತ್ತು. ಅದೇ ಆಸ್ಪತ್ರೆಯ ಹುಡುಗಿಯೊಬ್ಬಳು ಫ್ಯಾನಿಲ್ಲದ ಒಂದು ಕಂಪ್ಯೂಟರ್ ಕೊಡಿಸಿದಳು. ಅದರ ಪರದೆಯ ಮೇಲೆ ಅಕ್ಷರಗಳು, ಕೆಳಗೊಂದು ಪುಟ್ಟ ಕ್ಯಾಮೆರಾ. ಅಣ್ಣ ಯಾವ ಅಕ್ಷರ ನೋಡುತ್ತಾನೋ ಅದು ಬೀಳುತ್ತದೆ, ಮಾತಾಗುತ್ತದೆ. ಮಂಡಿಯವರ ಮೊಬೈಲಿನಲ್ಲಿದ್ದ ಅವನ ಹಳೆಯ ಕೂಗುಗಳನ್ನೆಲ್ಲ ಅದಕ್ಕೆ ಕೇಳಿಸಿ, ಅವನದೇ ದನಿಯಲ್ಲಿ ಮಾತಾಡುವ ಹಾಗೆಯೂ ಮಾಡಿದ್ದಳು. ಆದರೆ ಆ ಕಂಪ್ಯೂಟರ್ ಪೆಟ್ಟಿಗೆಗೆ ಅಷ್ಟು ಶಕ್ತಿ ಇರಲಿಲ್ಲ. ಅಣ್ಣ 'ನೀರು' ಎಂದು ನೋಡಿ ಮುಗಿಸಿದರೆ ಅದು ನಾನು ನೀರು ಕುಡಿಸಿ ಬಾಯಿ ಒರೆಸಿದ ಮೇಲೆ 'ನೀ' ಎನ್ನುತ್ತಿತ್ತು. ಒಳಗೊಂದು ಗ್ರಾಫಿಕ್ಸ್ ಕಾರ್ಡು ಹಾಕಿದರೆ ನೋಡಿದ ಕೂಡಲೇ ಮಾತು ಬರುತ್ತದೆ ಎಂದು ಹೇಳಿ ಹೋದಳು. ಅವಳು ಬೇರೆ ಊರಿನವಳು. ಕಾರ್ಡಿಗೆ ಫ್ಯಾನು ಇರುತ್ತದೆ ಎಂದು ನಮಗೆ ಹೇಳಬೇಕೆಂದು ಅವಳಿಗೆ ತೋಚಿರಲಿಲ್ಲ.

ಅದನ್ನು ಹೇಳಿದವನು ಕಂಪ್ಯೂಟರ್ ಅಂಗಡಿಯ ಅನ್ವರಣ್ಣ. ಅಣ್ಣನ ಗೆಳೆಯ. ನಾನೂ ಅವ್ವನೂ ಅಂಗಡಿಗೆ ಹೋದಾಗ ಅವನು ಮೇಜಿನ ಮೇಲೆ ಒಂದರ ಪಕ್ಕ ಒಂದು ಪೆಟ್ಟಿಗೆ ಇಟ್ಟ. ಎಲ್ಲದರ ಮೇಲೂ ಒಂದೇ ಹೆಸರು, ಒಂದೇ ನಂಬರು, ಒಂದೇ ಥರದ ಬೆಂಕಿಯ ಚಿತ್ರ.

"ಇವೆಲ್ಲ ಒಂದೇ ಅಲ್ವೇನೋ ಅನ್ವರಾ?" ಅಂದಳು ಅವ್ವ.

"ಒಳಗಿನ ಚಿಪ್ಪು ಒಂದೇ ಕಣವ್ವ. ಒಂದೇ ಹೊಟ್ಟೇಲಿ ಹುಟ್ಟಿ ನಾನೂ ನಮ್ಮಣ್ಣನೂ ಇಲ್ವ, ಹಂಗೆ. ಗುಣ ಬೇರೆ." ಒಂದೊಂದನ್ನೇ ತೆರೆದು ತೋರಿಸಿದ. ಮೊದಲನೆಯದು ಗಿಡ್ಡ, ಒಂದೇ ಫ್ಯಾನು. "ಇದು ಕಿರುಚ್ತದೆ. ಬ್ಯಾಡ." ಅದನ್ನು ಕೆಳಗಿಟ್ಟ. ಇನ್ನೊಂದಕ್ಕೆ ಎರಡು ಫ್ಯಾನು. "ಇದು ಯಾವಾಗ್ಲೂ ತಿರುಗ್ತಾನೇ ಇರ್ತದೆ, ಆದ್ರೆ ಮೆಲ್ಲಗೆ. ಕಿವಿ ಇಟ್ರೂ ಕೇಳ್ಸಲ್ಲ. ಯಾವಾಗ್ಲೂ ತಣ್ಣಗಿರ್ತದೆ." ಮೂರನೆಯದೂ ನೋಡಲು ಹಾಗೆಯೇ, ಎರಡು ಫ್ಯಾನು, ಆದರೆ ಎತ್ತಿಕೊಂಡರೆ ಭಾರ. ಬೆನ್ನಿನಲ್ಲಿ ಲೋಹದ ತಗಡುಗಳು ಒತ್ತೊತ್ತಾಗಿ ಪುಸ್ತಕದ ಹಾಳೆಗಳಂತೆ ನಿಂತಿದ್ದವು. "ಇದರ ಫ್ಯಾನು ಸುಮ್ಮನೆ ನಿಂತಿರ್ತದೆ. ಬಿಸಿ ಏರಿದ್ರೆ ಮಾತ್ರ ತಿರುಗ್ತದೆ, ತಣ್ಣಗಾದ್ರೆ ನಿಲ್ತದೆ. ತಿರುಗಿದಾಗ ಸ್ವಲ್ಪ ಸದ್ದು ಜಾಸ್ತಿ."

"ಜಾಸ್ತಿ ಸದ್ದಿಂದು ಯಾರಿಗೆ ಬೇಕು? ಕೇಳ್ಸದೇ ಇರೋದು ಕೊಡು" ಅಂದಳು ಅವ್ವ.

ನಾನು ಎರಡನೆಯದರ ಮೇಲೆ ಕೈಯಿಟ್ಟೆ. ಅನ್ವರಣ್ಣ ಆಗಲೇ ಅದನ್ನು ಒಂದು ಹಳೆಯ ಕಂಪ್ಯೂಟರಿಗೆ ಹಾಕಿ, ಅಣ್ಣನಿಗೆಂದಲ್ಲ, ತನ್ನ ಅಂಗಡಿಗೆಂದು ಓಡಿಸುತ್ತಿದ್ದ. ಕಿವಿಗೆ ನಿಜಕ್ಕೂ ಏನೂ ಕೇಳಿಸಲಿಲ್ಲ. ಆದರೆ ಅಂಗೈಯಿಂದ ಏನೋ ಹತ್ತಿ ಬಂದು ನನ್ನ ಹಲ್ಲಿನ ಬುಡದಲ್ಲಿ ಕೂತಿತು. ಅದು ನಿಲ್ಲಲೇ ಇಲ್ಲ. ಅನ್ವರಣ್ಣ ತನಗೇ ಗೊತ್ತಿಲ್ಲದಂತೆ ಆಗಾಗ ಕಾಲು ಬದಲಿಸಿ ನಿಲ್ಲುತ್ತಿದ್ದದ್ದನ್ನು ನೋಡಿದೆ. ಹೇಳಬೇಕು ಅಂದುಕೊಂಡೆ. ಅವ್ವ, ಅನ್ವರಣ್ಣ ಇಬ್ಬರೂ ಮಾತಾಡುತ್ತಿದ್ದರು, ನನಗೆ ಬಾಯಿ ಬರಲಿಲ್ಲ.

ಯಾವ ಯಂತ್ರವೇ ಆಗಲಿ, ಮನೆಯೊಳಗೆ ಬರುವ ಮುಂಚೆ ಅದಕ್ಕೆ ಕಲ್ಲಿಡಬೇಕು. ಕಲ್ಲಿಡುವವನು ನಿಂಗಜ್ಜ. ಊರಾಚೆಯ ಬಯಲಿನಲ್ಲಿ ಅವನ ದುಂಡು ಕಲ್ಲುಗಳಿವೆ, ಒಂದೊಂದೂ ಒರಳಿನ ಗುಂಡಿನಷ್ಟು ದೊಡ್ಡದು. ಯಂತ್ರ ಯಾರಿಗಾಗಿಯೋ ಅವರು ಉಟ್ಟ ಬಟ್ಟೆಯನ್ನು ಅಂಥ ಒಂದು ಕಲ್ಲಿಗೆ ಸುತ್ತಿ ನೆಲದ ಮೇಲಿಟ್ಟು, ದೂರದಲ್ಲಿ ಯಂತ್ರ ಓಡಿಸುತ್ತಾರೆ. ಕಲ್ಲು ಇಳಿಯದೆ ನಿಂತರೆ ಮನುಷ್ಯನೂ ನಿಂತ ಹಾಗೆ. ನಾನು ಅಣ್ಣನ ಕೆಂಪು ಅಂಚಿನ ಟವಲು ಒಯ್ದಿದ್ದೆ. ನಿಂಗಜ್ಜ ಅದನ್ನು ಮಗುವಿಗೆ ಕುಲಾವಿ ಕಟ್ಟಿದ ಹಾಗೆ ಕಲ್ಲಿಗೆ ಕಟ್ಟಿದ. ಅನ್ವರಣ್ಣ ಬ್ಯಾಟರಿಗೆ ವೈರು ಜೋಡಿಸಿ, ಎರಡನೆಯ ಕಾರ್ಡು ಹಾಕಿ, ಅದಕ್ಕೆ ಕೆಲಸ ಕೊಡಲು ಪರದೆಯ ಮೇಲೆ ಯಾವುದೋ ಬಣ್ಣದ ಬುಗುರಿ ತಿರುಗಿಸಿದ.

ನಿಂಗಜ್ಜ ಪೆಟ್ಟಿಗೆಗೆ ಕಿವಿ ಇಟ್ಟ. "ಸತ್ತಂಗೈತಲ್ಲೋ ಇದು! ಓಡ್ತಾ ಐತೆ ಅಂತ ಏನು ಗ್ಯಾರಂಟಿ?"

"ಬುಗುರಿ ತಿರುಗ್ತಾ ಇಲ್ವೇನಜ್ಜ?"

"ತಿರುಗ್ತಾ ಐತೆ. ಭೇಷ್. ನನ್ನ ಹೆಂಡ್ತಿನೂ ಹಿಂಗಿದ್ದಿದ್ರೆ!"

ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನಾನು ಕಲ್ಲನ್ನು ನೋಡುತ್ತಿದ್ದೆ. ಟವಲಿನ ಕೆಂಪು ಅಂಚು ನೆಲದಿಂದ ಒಂದು ಗೇಣು ಮೇಲಿತ್ತು. ನೋಡುತ್ತಿದ್ದ ಹಾಗೇ ಅದು ನೆಲಕ್ಕೆ ತಾಗಿತು. ಸದ್ದಿಲ್ಲ, ಧೂಳಿಲ್ಲ, ಬಿರುಕಿಲ್ಲ. ಹಸಿ ಹಿಟ್ಟಿನಲ್ಲಿ ಬೆರಳು ಇಳಿದ ಹಾಗೆ ನನ್ನ ಅಣ್ಣನ ಟವಲು ನೆಲದೊಳಗೆ ಇಳಿಯುತ್ತಿತ್ತು. ನಾನು ಅವ್ವನ ಸೆರಗು ಎಳೆದೆ. ಕೊನೆಗೆ ಬಂದದ್ದು ಒಂದೇ ಮಾತು.

"ಅಂಚು."

"ಏನಂದೆ?" ಅವ್ವ ತಿರುಗಿದಳು.

"ಅಂಚು ಎಲ್ಲಿ?"

ಅನ್ವರಣ್ಣ ಓಡಿ ಹೋಗಿ ವೈರು ಕಿತ್ತ. ಅಷ್ಟರಲ್ಲಿ ಕಲ್ಲು ಅರ್ಧ ಹೋಗಿತ್ತು. ನಿಂಗಜ್ಜ ಅದನ್ನು ಅಲ್ಲಾಡಿಸಿ ನೋಡಿದ, ಅಲ್ಲಾಡಲಿಲ್ಲ. ಟವಲಿನ ಮೇಲಿನ ತುದಿ ಹಿಡಿದು ಅವ್ವ ಎಳೆದಳು. ಹರಿದು ಅರ್ಧ ಕೈಗೆ ಬಂತು. ಅವಳು ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. "ನನ್ನ ಮಗ ಮೂಗನಾಗೇ ಇರ್ಲಿ. ಬ್ಯಾಡ ಇದು, ಬ್ಯಾಡ."

ನಾನು ಅನ್ವರಣ್ಣನ ಹತ್ತಿರ ಹೋಗಿ, ಅವನು ಜೊತೆಗೆ ತಂದಿದ್ದ ಮೂರನೆಯ ಪೆಟ್ಟಿಗೆಯನ್ನು ಬೆರಳಿನಲ್ಲಿ ತೋರಿಸಿದೆ. "ಸದ್ದು ಮಾಡಿದ್ರೂ ಅದು ನಿಲ್ತದೆ" ಅಂದೆ.

ಉಳಿದ ಅರ್ಧ ಟವಲನ್ನು ಬೇರೆ ಕಲ್ಲಿಗೆ ಸುತ್ತಿದೆವು. ಈ ಕಾರ್ಡಿನ ಫ್ಯಾನು ಬಹಳ ಹೊತ್ತು ಅಲ್ಲಾಡಲೇ ಇಲ್ಲ. ಬುಗುರಿ ತಿರುಗುತ್ತಲೇ ಇತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಸೊರ್ರೆಂದು ಶುರುವಾದಾಗ ನಾವೆಲ್ಲ ಒಂದು ಹೆಜ್ಜೆ ಹಿಂದೆ ಹಾರಿದೆವು. ಒಂದು ಉಸಿರು ಬಿಡುವಷ್ಟರಲ್ಲಿ ನಿಂತಿತು. ಮತ್ತೆ ಸೊರ್ರೆಂದಿತು, ಮತ್ತೆ ನಿಂತಿತು. ಕಲ್ಲು ಕದಲಲಿಲ್ಲ. ಬಯಲಿನಲ್ಲಿ ಗಾಳಿ ಬೀಸುತ್ತಿತ್ತು. ಅವ್ವನ ಸೆರಗು ಹಾರುತ್ತಿತ್ತು. ಅದನ್ನು ನೋಡಿಯೂ ನಮ್ಮಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ.

"ತಾನಾಗೇ ಏಳೋದು, ತಾನಾಗೇ ಮಲಗೋದು. ಸ್ವಂತ ಬುದ್ಧಿ ಇರೋದನ್ನ ಮನೇಲಿ ಇಟ್ಕೊಳ್ಳೋದು ಕಷ್ಟ ಕಣವ್ವ" ಎಂದು ನಿಂಗಜ್ಜ ತಲೆಯಾಡಿಸಿದ. ಆದರೂ ಒಪ್ಪಿಗೆ ಕೊಟ್ಟ. ಕಲ್ಲು ನಿಂತ ಮೇಲೆ ಇಲ್ಲವೆನ್ನುವ ಹಾಗಿಲ್ಲ.

ಮನೆಗೆ ತಂದು ಜೋಡಿಸಿದ ಬೆಳಿಗ್ಗೆ ಅವ್ವ ಊರಿನ ಪದ್ಧತಿಯಂತೆ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಸಂದುಗಳಿಗೆ ಬಟ್ಟೆ ತುರುಕಿದಳು. ಹೊಸ ಯಂತ್ರ ಬಂದ ಮನೆಯವರು ಹಾಗೆ ಮಾಡುತ್ತಾರೆ, ಅಕ್ಕಪಕ್ಕದವರು ಹೆದರಬಾರದು ಎಂದು. ಅಣ್ಣನ ಕಣ್ಣು ಪರದೆಯ ಮೇಲೆ ಓಡಿತು. ಪೆಟ್ಟಿಗೆಯಿಂದ ಅವನ ದನಿ ಬಂತು, ಮಂಡಿಯ ಮೂಲೆಯವರೆಗೂ ಮುಟ್ಟುತ್ತಿದ್ದ ಅದೇ ದನಿ.

"ಅವ್ವಾ, ಗಂಜಿಗೆ ಉಪ್ಪು ಹಾಕು. ಯುಗಾದಿಯಿಂದ ಸಪ್ಪೆ ಕುಡೀತಾ ಇದೀನಿ."

ಅವ್ವ ನಿಂತಲ್ಲೇ ನಿಂತಳು. ಅವಳ ಕಣ್ಣಿಂದ ನೀರು ಇಳಿಯಿತು, ಬಾಯಿ ಮಾತ್ರ ಜಗಳಕ್ಕೆ ನಿಂತಿತು. "ಡಾಕ್ಟ್ರು ಬ್ಯಾಡ ಅಂದವ್ರೆ ಕಣೋ!"

"ಡಾಕ್ಟ್ರಿಗೆ ಕುಡಿಸು ಅದನ್ನ. ಮಂಗಳೀ, ನೀನ್ಯಾಕೆ ಗೋಡೆ ಹಿಡ್ಕಂಡು ನಿಂತಿದೀಯ, ನಾನೇನು ಕಚ್ತೀನಾ?"

ನನ್ನ ಹೆಸರು ಸರ್ವಮಂಗಳ. ಮಂಗಳಿ ಎಂದು ಕರೆಯುವವನು ಅವನೊಬ್ಬನೇ. ನಾನು ಹತ್ತಿರ ಹೋದೆ. ಅವನು ಮಾತಾಡುತ್ತಲೇ ಹೋದ. ಅನ್ವರಣ್ಣನ ಮೀಸೆಯ ಬಗ್ಗೆ, ಗೋಡೆಯ ಮೇಲಿನ ಹಲ್ಲಿಯ ಸಂಸಾರದ ಬಗ್ಗೆ. ಆಗ ಫ್ಯಾನು ಸೊರ್ರೆಂದಿತು. ನಾನು ಅದು ನಿಲ್ಲುವುದನ್ನು ಕಾದೆ. ನಿಲ್ಲಲಿಲ್ಲ. ಬಾಗಿಲು ಮುಚ್ಚಿದ್ದ ಕೋಣೆ ಕಾದ ಹಂಚಿನಂತಾಗಿತ್ತು. ಫ್ಯಾನು ಬಿಸಿ ಗಾಳಿಯನ್ನೇ ಎಳೆದು ಬಿಸಿ ಗಾಳಿಯನ್ನೇ ಬಿಡುತ್ತಿತ್ತು. ಮಂಚದ ತಲೆಯ ಕಡೆಯ ಒಂದು ಕಾಲು ಮೆಲ್ಲಗೆ ಗಿಡ್ಡವಾಯಿತು. ಅಣ್ಣನ ತಲೆ ದಿಂಬಿನ ಮೇಲೆ ಪಕ್ಕಕ್ಕೆ ಜಾರಿತು. ಅವನಿಗೆ ಗೊತ್ತಾಗಿತ್ತು, ಕಣ್ಣು ಮಾತ್ರ ಅಕ್ಷರಗಳನ್ನು ಬಿಡಲಿಲ್ಲ. ನಾನು ಬಗ್ಗಿ ಪ್ಲಗ್ಗು ಕಿತ್ತೆ. ಮಾತು ನಡುವೆ ತುಂಡಾಯಿತು. ಕಾಲು ನಾಲ್ಕು ಬೆರಳಿನಷ್ಟು ನೆಲದೊಳಗೆ ಹೋಗಿ ಗಟ್ಟಿಯಾಗಿ ಕೂತಿತು.

ಸಂಜೆ ಬಂದ ಅನ್ವರಣ್ಣ ಒಳಗೆ ಕಾಲಿಡುತ್ತಲೇ, "ಮನೇನಾ ಒಲೆನಾ ಇದು?" ಅಂದ. ಸಂದುಗಳ ಬಟ್ಟೆ ಕಿತ್ತು ಕಿಟಕಿ ತೆರೆದ. ಆಮೇಲೆ ತಲೆ ಮೇಲೆ ಕೈಹೊತ್ತು ಕೂತ. "ಬಯಲಲ್ಲಿ ಗಾಳಿ ಇತ್ತಲ್ವ. ಒಳ್ಳೆ ಕಾರ್ಡೇ ಆರಿಸಿದ್ವಿ, ಆದ್ರೆ ಇಂಥ ಕೋಣೇಲಿ ಓಡ್ಸಿ ನೋಡ್ಲೇ ಇಲ್ಲ. ನಮ್ಮೂರಲ್ಲಿ ಯಾರೂ ನೋಡಲ್ಲ." ಕಿಟಕಿ ತೆಗೆದಿಟ್ಟರೂ ಬೇಸಿಗೆ ಕಿಟಕಿಯಿಂದಲೇ ಒಳಗೆ ಬಂತು. ಅಂದಿನಿಂದ ಒಂದು ಕಟ್ಟಳೆ ಆಯಿತು. ಫ್ಯಾನು ಶುರುವಾಗುವ ತನಕ ಅಣ್ಣ ಮಾತಾಡಬಹುದು. ಶುರುವಾದ ಕೂಡಲೇ ಪ್ಲಗ್ಗು ಕೀಳುವುದು ನನ್ನ ಕೆಲಸ.

ಅಣ್ಣ ಮಾತನ್ನು ಸಣ್ಣದು ಮಾಡಿಕೊಂಡ. 'ನೀರು', 'ನೊಣ', 'ಬೆನ್ನು'. ಅಷ್ಟು ಮಾತಾಡುವವನು ಅಷ್ಟಕ್ಕೆ ಬಂದ. ನಾನು ಪ್ಲಗ್ಗಿನ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದೆ, ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ. ಹೊರಗೆ ದುಂಬಿ ಹಾರಿದರೂ ಕೈ ಪ್ಲಗ್ಗಿಗೆ ಹೋಗುತ್ತಿತ್ತು. ಒಮ್ಮೆ ಅವನು 'ಮಂ' ಎನ್ನುವಷ್ಟರಲ್ಲಿ ಕಿತ್ತುಬಿಟ್ಟಿದ್ದೆ. ಫ್ಯಾನು ತಿರುಗಿಯೇ ಇರಲಿಲ್ಲ, ಬೀದಿಯಲ್ಲಿ ಯಾರೋ ಗೋಣಿಚೀಲ ಎಳೆದಿದ್ದರು.

ಅಷ್ಟರಲ್ಲಿ ನಾನು ಇನ್ನೊಂದನ್ನು ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅಣ್ಣನ ಎಡಗಣ್ಣಿನ ರೆಪ್ಪೆ ಇಳಿಯತೊಡಗಿತ್ತು. ಪರದೆಯ ಆ ಬದಿಯ ಅಕ್ಷರಗಳು ಬೀಳಲು ತಡವಾಗುತ್ತಿತ್ತು. ಮೊದಲು ಬೆಳಕಿನ ತಪ್ಪು ಅಂದುಕೊಂಡೆ. ಮಂಚ ವಾಲಿದ್ದಕ್ಕೆ ಹೀಗೆ ಅಂದುಕೊಂಡೆ. ಇಟ್ಟಿಗೆ ಕೊಟ್ಟು ಕ್ಯಾಮೆರಾ ಸರಿಮಾಡಿದೆ. ಸರಿಹೋಗಲಿಲ್ಲ.

ಒಂದು ಮಧ್ಯಾಹ್ನ ಅವ್ವ ಗಂಜಿ ಕುಡಿಸಿ ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು.

"ಅವ್ವ, ಕೂತ್ಕೋ" ಅಂದ ಅಣ್ಣ. "ಮಂಗಳಿ, ಪ್ಲಗ್ಗಿಂದ ದೂರ ಬಾ."

ನಾನು ಏಳಲಿಲ್ಲ.

"ಕಾಯಿಲೆ ಕಣ್ಣಿಗೂ ಬಂದೈತೆ. ನಿನಗೆ ಗೊತ್ತು. ನೀನು ನೋಡಿದ್ದನ್ನ ನಾನು ನೋಡಿದೀನಿ. ಇದು ಮುಚ್ಕೊಂಡ್ರೆ ಯಾವ ಕಾರ್ಡೂ ಇಲ್ಲ. ನೆಲಕ್ಕೆ ಹೆದರ್ತಿರೋರು ನೀವು. ನಂಗೆ ಹೆದರಿಕೆ ಬೇರೆ ಐತೆ. ಬಾಯೊಳಗೆ ಎಲ್ಲಾ ಇಟ್ಕಂಡು ಮಲಗಿರೋದು. ಇವತ್ತು ಮುಗಿಸೋ ತನಕ ಕೀಳ್ಬ್ಯಾಡ."

ಅವ್ವ ಬಟ್ಟಲು ಹಿಡಿದೇ ಕುಸಿದಳು. "ಮುಗಿಯೋ ಹೊತ್ತಿಗೆ ನೀನೇ ಇರಲ್ವಲ್ಲೋ!"

"ಇರೋ ಹೊತ್ತಲ್ಲೇ ಹೇಳ್ತೀನಿ, ಕೇಳು." ಅವನು ಶುರು ಮಾಡಿದ. ಅಪ್ಪ ಸತ್ತ ದಿನ ಮಂಡಿಗೆ ಹೋಗಿ ಕೂಗಿದ್ದು ಯಾಕೆ ಎಂದು ಹೇಳಿದ. ತನ್ನನ್ನು ಮರದ ತುಂಡು ಅಂದುಕೊಂಡು ಜನ ತನ್ನ ಮುಂದೆ ಏನೇನು ಆಡಿದರು, ನಿಂಗಜ್ಜ ಒಬ್ಬನೇ ಬಂದು ತನ್ನ ಕಾಲು ಹಿಡಿದು ಹೇಗೆ ಅತ್ತ, ಅದನ್ನೂ ಹೇಳಿದ. ಫ್ಯಾನು ಶುರುವಾಯಿತು. ನನ್ನ ಕೈ ಪ್ಲಗ್ಗಿನ ಮೇಲಿತ್ತು. ಮಂಚದ ಇನ್ನೊಂದು ಕಾಲು ಇಳಿಯಲು ಹಿಡಿಯಿತು. ಪಕ್ಕದಲ್ಲಿದ್ದ ಅವ್ವನ ಕಾಲಡಿಯ ನೆಲ ಗಟ್ಟಿಯಾಗಿಯೇ ಇತ್ತು, ಅವನ ಕೆಳಗಿನದು ಮಾತ್ರ ಕೆಸರಿನಂತೆ ಕುಸಿಯುತ್ತಿತ್ತು. "ಕೀಳೇ! ಕೀಳೇ ಮುಂಡೇದೇ!" ಎಂದು ಅವ್ವ ಕೂಗಿದಳು. ಅಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದರೆ ಒಂದು ಅಕ್ಷರ ತಪ್ಪುತ್ತದೆ.

ನಾನು ಪ್ಲಗ್ಗು ಬಿಟ್ಟೆ. ಪೆಟ್ಟಿಗೆಯ ಪಕ್ಕದ ತಗಡು ಎಳೆದು ತೆಗೆದೆ. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಎರಡು ಫ್ಯಾನುಗಳೂ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿದ್ದವು. ಕೈ ಹಾಕಿ ಹತ್ತಿರದ್ದರ ನಡುವಿನ ಬಿಲ್ಲೆಯ ಮೇಲೆ ಬೆರಳು ಒತ್ತಿದೆ. ಚರ್ಮ ಉರಿಯಿತು, ಫ್ಯಾನು ನಿಂತಿತು. ಇನ್ನೊಂದು ಓಡುತ್ತಲೇ ಇತ್ತು, ಮಂಚ ಇಳಿಯುತ್ತಲೇ ಇತ್ತು. ಆಚೆಯದಕ್ಕೆ ನನ್ನ ಇನ್ನೊಂದು ಕೈ ಎಟುಕಲಿಲ್ಲ.

"ಅವ್ವ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಅದನ್ನ ಹಿಡಿ! ನಾನು ಬಿಟ್ಟಾಗ ಬಿಡು, ಒತ್ತಿದಾಗ ಒತ್ತು!"

ಅವ್ವ ಬಟ್ಟಲು ಎಸೆದು ಬಂದು ಪೆಟ್ಟಿಗೆಯ ಆ ಬದಿಗೆ ಮಂಡಿಯೂರಿದಳು. ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿ ಕಲ್ಲಾದ ಬೆರಳು ಅವಳದು. ಇಬ್ಬರೂ ಒತ್ತಿದೆವು. ಫ್ಯಾನುಗಳ ಸದ್ದು ಸತ್ತಿತು. ಮಂಚ ನಿಂತಿತು. ಆದರೆ ಫ್ಯಾನು ನಿಂತೇ ಇದ್ದರೆ ಕಾರ್ಡು ಸುಡುತ್ತದೆ, ಸುಟ್ಟರೆ ಅಣ್ಣನ ದನಿ ಹೋಗುತ್ತದೆ. ಬಿಟ್ಟೆವು. ಸೊರ್ರೆಂದಿತು. ಒಂದು ಉಸಿರು ತುಂಬುವ ಮೊದಲೇ ಒತ್ತಿದೆವು. ಬಿಟ್ಟೆವು, ಒತ್ತಿದೆವು. ಅವ್ವನ ಕಣ್ಣು ನನ್ನ ಬೆರಳನ್ನೇ ನೋಡುತ್ತಿತ್ತು, ನನ್ನ ಕಣ್ಣು ಮಂಚದ ಕಾಲನ್ನು. ಸುಟ್ಟ ವಾಸನೆ ಪ್ಲಾಸ್ಟಿಕ್ಕಿನದೋ ನಮ್ಮ ಚರ್ಮದ್ದೋ ತಿಳಿಯುತ್ತಿರಲಿಲ್ಲ. ಒಂದು ಸಲ ನಾವಿಬ್ಬರೂ ಹಿಂದೆ ಮುಂದೆ ಆದೆವು, ಮಂಚ ನೂಲಿನಷ್ಟು ಜಾರಿತು. ಅವ್ವ ಬಿಕ್ಕಿದಳು. ಮತ್ತೆ ಕೂಡಿಕೊಂಡೆವು.

ಅಣ್ಣ ಮಾತಾಡುತ್ತಲೇ ಇದ್ದ. ಅವನ ಎಡ ರೆಪ್ಪೆ ಅರ್ಧ ಮುಚ್ಚಿತ್ತು. ಸೂರ್ಯ ಕಿಟಕಿಯಿಂದ ಗೋಡೆಗೆ ಸರಿದಿದ್ದ. ನನ್ನ ಬೆರಳಿನ ಗುಳ್ಳೆ ಒಡೆದು ಬಿಲ್ಲೆ ಜಾರುತ್ತಿತ್ತು. ಬಲಗೈ ತೆಗೆದು ಎಡಗೈ ಇಟ್ಟೆ. ಒಂದು ಕ್ಷಣ ಅವನ ಮಾತು ನಿಂತಿತು. ಕಣ್ಣು ಹೋಯಿತೋ, ಕಾರ್ಡು ಹೋಯಿತೋ ಎಂದು ತಲೆ ಎತ್ತಲೂ ಧೈರ್ಯವಾಗಲಿಲ್ಲ.

"ಇದೀರಾ?" ಅಂದ.

"ಇದೀವಿ ಹೇಳೋ!" ಅವ್ವ ಬೆರಳು ಎತ್ತದೆ ಗದರಿದಳು.

"ಇನ್ನೂ ಐತೆ" ಅಂದ ಅಣ್ಣ. ಫ್ಯಾನು ನನ್ನ ಬೆರಳನ್ನು ಕೆಳಗಿನಿಂದ ತಳ್ಳುತ್ತಿತ್ತು. ನಾನು ಅವ್ವನ ಮುಖ ನೋಡಿದೆ. ಇಬ್ಬರೂ ಒಟ್ಟಿಗೆ ಬಿಟ್ಟೆವು, ಒಟ್ಟಿಗೆ ಒತ್ತಿದೆವು.